ದಟ್ಟಣೆಯ ಆಕಾಶದಲ್ಲಿ ವಿಮಾನಗಳ ವೇಳಾಪಟ್ಟಿ: ಹೆಣೆಯುವ ಮತ್ತು ನಡೆಸುವ ಕ್ರಮ

ವಿಮಾನಯಾನ ಸಂಸ್ಥೆಯಲ್ಲಿ ವೇಳಾಪಟ್ಟಿಯನ್ನು ತಯಾರಿಸುವವರು ಒಂದು ಕಡೆ, ಅದನ್ನು ದಿನದಿನವೂ ನಡೆಸುವ ಕಾರ್ಯಾಚರಣೆ ನಿಯಂತ್ರಣ ಕೇಂದ್ರದವರು ಇನ್ನೊಂದು ಕಡೆ ಕುಳಿತಿರುತ್ತಾರೆ. ಮೊದಲನೆಯವರ ಕಣ್ಣು ಆರು ತಿಂಗಳ ಆಚೆಗೆ ನೆಟ್ಟಿದ್ದರೆ, ಎರಡನೆಯವರ ಕಣ್ಣು ಮುಂದಿನ ಆರು ಗಂಟೆಗಳ ಮೇಲಿರುತ್ತದೆ. ಆಕಾಶ ಖಾಲಿಯಿರುವ ಕಡೆ ಈ ಅಂತರ ಅಷ್ಟಾಗಿ ಬಾಧಿಸುವುದಿಲ್ಲ. ರನ್‌ವೇ, ವಾಯುಮಾರ್ಗ, ಪಾರ್ಕಿಂಗ್ ಬೇ ಎಲ್ಲವೂ ಭರ್ತಿಯಾಗಿರುವ ಕಡೆ ಅದೇ ಅಂತರ ದಿನವಿಡೀ ವಿಳಂಬವಾಗಿ ಕಾಣಿಸಿಕೊಳ್ಳುತ್ತದೆ. ಸಂಕಟದ ದಿನ ನಿಯಂತ್ರಣ ಕೇಂದ್ರದವರು ಖರ್ಚು ಮಾಡಬಹುದಾದದ್ದು ವೇಳಾಪಟ್ಟಿ ಮಾಡಿದವರು ತಿಂಗಳುಗಳ ಹಿಂದೆ ಉಳಿಸಿಟ್ಟ ಬಿಡುವನ್ನು ಮಾತ್ರ. ಆ ಬಿಡುವನ್ನು ಎಷ್ಟು ಇಡಬೇಕು, ಎಲ್ಲಿ ಇಡಬೇಕು, ಬೇಕಾದಾಗ ಹೇಗೆ ಬಳಸಬೇಕು ಎಂಬುದನ್ನು ಈ ಎರಡೂ ಕಡೆಯವರಿಗಾಗಿ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲು ಇಕ್ಕಟ್ಟು ಎಲ್ಲಿದೆಯೆಂದು ಗುರುತಿಸಿ

ದಟ್ಟಣೆ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ಕೊರತೆಗಳು ಅಡಗಿರುತ್ತವೆ. ಒಂದು ವಿಮಾನ ನಿಲ್ದಾಣದಲ್ಲಿ ರನ್‌ವೇ ಸಾಲದು, ಇನ್ನೊಂದರಲ್ಲಿ ರನ್‌ವೇ ಇದ್ದರೂ ಬೇ ಸಾಲದು. ಮತ್ತೊಂದು ಕಡೆ ಎರಡೂ ಇದ್ದು, ದಾರಿಯ ಮಧ್ಯದ ವಾಯು ಸಂಚಾರ ನಿಯಂತ್ರಣ ವಲಯದಲ್ಲಿ ಒಂದು ಗಂಟೆಗೆ ಇಷ್ಟೇ ವಿಮಾನಗಳನ್ನು ಒಳಬಿಡುತ್ತೇವೆ ಎಂಬ ಮಿತಿ ಇರುತ್ತದೆ. ಆ ಮಿತಿಯೂ ನಿಯಂತ್ರಕರ ಸಂಖ್ಯೆ, ಹವಾಮಾನ, ಸೇನೆಗೆ ಕಾಯ್ದಿರಿಸಿದ ಪ್ರದೇಶ ಇವುಗಳನ್ನು ಅನುಸರಿಸಿ ಏರಿಳಿಯುತ್ತದೆ. 29,000 ಅಡಿಯಿಂದ 41,000 ಅಡಿವರೆಗಿನ ಎತ್ತರದಲ್ಲಿ ವಿಮಾನಗಳ ನಡುವಿನ ಲಂಬ ಅಂತರವನ್ನು 2,000 ಅಡಿಯಿಂದ 1,000 ಅಡಿಗೆ ಇಳಿಸಿದ ಕ್ರಮ ಯುರೋಪಿನಲ್ಲಿ 2002ರಲ್ಲಿ, ಅಮೆರಿಕದಲ್ಲಿ 2005ರಲ್ಲಿ ಜಾರಿಗೆ ಬಂದು ಮೇಲಿನ ಆಕಾಶದಲ್ಲಿ ಜಾಗ ಹೆಚ್ಚಿಸಿತು. ಆದರೆ ಆ ವಿಮಾನಗಳೆಲ್ಲ ಕೊನೆಗೆ ಇಳಿಯಬೇಕಾದ ರನ್‌ವೇಗಳ ಸಂಖ್ಯೆಯನ್ನು ಅದು ಹೆಚ್ಚಿಸಲಿಲ್ಲ.

ಆದ್ದರಿಂದ ನಿಮ್ಮ ಜಾಲದ ಪ್ರತಿಯೊಂದು ಮುಖ್ಯ ನಿಲ್ದಾಣಕ್ಕೂ ಗಂಟೆವಾರು ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ: ಒಳ್ಳೆಯ ಹವೆಯಲ್ಲಿ ಎಷ್ಟು ವಿಮಾನಗಳು ಇಳಿಯಬಲ್ಲವು, ಕೆಟ್ಟ ಹವೆಯಲ್ಲಿ ಎಷ್ಟು ಇಳಿಯಬಲ್ಲವು. ಮಂಜು ಕವಿದಾಗ ಉಪಕರಣಗಳ ಸಂಕೇತಕ್ಕೆ ಅಡ್ಡಿಯಾಗದಂತೆ ರನ್‌ವೇ ಸುತ್ತಲಿನ ಜಾಗವನ್ನು ಖಾಲಿ ಇಡಬೇಕಾಗುವುದರಿಂದ ಇಳಿಯುವ ವಿಮಾನಗಳ ನಡುವೆ ಹೆಚ್ಚು ಅಂತರ ಬೇಕಾಗುತ್ತದೆ. ಎದುರುಗಾಳಿ ಬಲವಾಗಿದ್ದಾಗ ಅಷ್ಟೇ ದೂರವನ್ನು ಕ್ರಮಿಸಲು ಹೆಚ್ಚು ಸಮಯ ಹಿಡಿಯುವುದರಿಂದ ಇಳಿಯುವ ಗತಿ ಕುಸಿಯುತ್ತದೆ. ಲಂಡನ್‌ನ ಹೀಥ್ರೋದಲ್ಲಿ 2015ರಿಂದ ಅಂತರವನ್ನು ದೂರದ ಬದಲು ಸಮಯದಲ್ಲಿ ಅಳೆಯಲು ತೊಡಗಿದ್ದು ಈ ಕಾರಣಕ್ಕಾಗಿಯೇ. ಒಳ್ಳೆಯ ದಿನದ ಸಂಖ್ಯೆ ಮತ್ತು ಕೆಟ್ಟ ದಿನದ ಸಂಖ್ಯೆಯ ನಡುವಿನ ವ್ಯತ್ಯಾಸ ದೊಡ್ಡದಾಗಿರುವ ನಿಲ್ದಾಣವೇ ನಿಮ್ಮ ವೇಳಾಪಟ್ಟಿಯ ನಿಜವಾದ ದುರ್ಬಲ ಸ್ಥಳ.

ಭರ್ತಿಯ ಪ್ರಮಾಣ ಹೆಚ್ಚಿದಂತೆ ಕಾಯುವ ಸಮಯ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಏಕಾಏಕಿ ಏರುತ್ತದೆ. ಗಂಟೆಗೆ 40 ವಿಮಾನಗಳನ್ನು ಇಳಿಸಬಲ್ಲ ಒಂದು ರನ್‌ವೇಯನ್ನು ತೆಗೆದುಕೊಳ್ಳಿ. ಪ್ರತಿ ವಿಮಾನಕ್ಕೆ ಒಂದೂವರೆ ನಿಮಿಷ. ವಿಮಾನಗಳು ಗೊತ್ತುಪಡಿಸಿದ ಕ್ಷಣಕ್ಕೇ ಬಾರದೆ ಹಿಂದುಮುಂದಾಗಿ ಬರುತ್ತವೆ ಎಂದಿಟ್ಟುಕೊಂಡು ಸರದಿಯ ಸರಳ ಸೂತ್ರದಿಂದ ಲೆಕ್ಕ ಹಾಕಿದರೆ, ಗಂಟೆಗೆ 32 ವಿಮಾನಗಳು ಬರುವಾಗ ಸರಾಸರಿ ಕಾಯುವಿಕೆ 3 ನಿಮಿಷ, 36 ಬರುವಾಗ ಸುಮಾರು 7 ನಿಮಿಷ, 38 ಬರುವಾಗ 14 ನಿಮಿಷಕ್ಕೂ ಹೆಚ್ಚು. ಕೊನೆಯ ಎರಡು ವಿಮಾನಗಳನ್ನು ಸೇರಿಸಿದ್ದಕ್ಕೆ ಎಲ್ಲ ವಿಮಾನಗಳ ಕಾಯುವಿಕೆಯೂ ಇಮ್ಮಡಿಯಾಯಿತು. ನಿಮ್ಮ ಹೊಸ ಹಾರಾಟವನ್ನು ಬೆಳಗಿನ ದಟ್ಟಣೆಯ ಗಂಟೆಗೆ ಸೇರಿಸುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಆ ಹಾರಾಟದ ಆದಾಯ ಒಂದು ಸಾಲಿನಲ್ಲಿ ಕಾಣುತ್ತದೆ. ಅದರಿಂದ ಉಳಿದ ಹಾರಾಟಗಳಿಗೆ ಆಗುವ ನಷ್ಟ ಎಲ್ಲಿಯೂ ಒಂದು ಸಾಲಾಗಿ ಕಾಣುವುದಿಲ್ಲ.

ಎರಡು ಬಗೆಯ ಸ್ಲಾಟ್‌ಗಳನ್ನು ಬೇರೆಯಾಗಿಯೇ ನೋಡಿ

ಒಂದು, ನಿಲ್ದಾಣದ ಸ್ಲಾಟ್. ಇದು ಋತುವಿಡೀ ಒಂದೇ ವಾರದಿನ, ಒಂದೇ ವೇಳೆಗೆ ಆ ನಿಲ್ದಾಣವನ್ನು ಬಳಸುವ ಅನುಮತಿ. ಜಗತ್ತಿನ ನಿಲ್ದಾಣಗಳನ್ನು ಮೂರು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲ ಹಂತದಲ್ಲಿ ಸಾಮರ್ಥ್ಯ ಸಾಕಷ್ಟಿರುತ್ತದೆ, ಎರಡನೆಯದರಲ್ಲಿ ಪರಸ್ಪರ ಒಪ್ಪಂದದಿಂದ ವೇಳೆಯನ್ನು ಹೊಂದಿಸಿಕೊಳ್ಳಬಹುದು, ಮೂರನೆಯದರಲ್ಲಿ ಸ್ಲಾಟ್ ಇಲ್ಲದೆ ಹಾರುವಂತಿಲ್ಲ. ಬೇಸಿಗೆ ಋತು ಮಾರ್ಚ್‌ನ ಕೊನೆಯ ಭಾನುವಾರ, ಚಳಿಗಾಲದ ಋತು ಅಕ್ಟೋಬರ್‌ನ ಕೊನೆಯ ಭಾನುವಾರ ಆರಂಭವಾಗುತ್ತದೆ. ಕನಿಷ್ಠ ಐದು ವಾರಗಳ ಒಂದು ಸರಣಿಯನ್ನು ಪಡೆದು ಅದರಲ್ಲಿ ಶೇ 80ರಷ್ಟನ್ನಾದರೂ ಬಳಸಿದರೆ ಮುಂದಿನ ವರ್ಷ ಅದೇ ಋತುವಿನಲ್ಲಿ ಅದು ನಿಮ್ಮದಾಗಿ ಉಳಿಯುತ್ತದೆ, ಇಲ್ಲವಾದರೆ ಹಂಚಿಕೆಗೆ ಮರಳುತ್ತದೆ. ವೇಳಾಪಟ್ಟಿ ಹೆಣೆಯುವವರು ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ಹೊರಡುವ ನಿಲ್ದಾಣದ ಸ್ಲಾಟ್ ಮತ್ತು ತಲುಪುವ ನಿಲ್ದಾಣದ ಸ್ಲಾಟ್ ಒಂದಕ್ಕೊಂದು ಕಟ್ಟಿಬಿದ್ದಿರುತ್ತವೆ. ಹಾರಾಟದ ಅವಧಿಗೆ ಹತ್ತು ನಿಮಿಷ ಸೇರಿಸಬೇಕೆಂದರೆ ಎರಡರಲ್ಲಿ ಒಂದನ್ನು ಬದಲಿಸಿಕೊಳ್ಳಬೇಕು. ಮೂರನೆಯ ಹಂತದ ನಿಲ್ದಾಣಗಳಲ್ಲಿ ಅದು ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಆದ್ದರಿಂದ ಅವಧಿಯ ಲೆಕ್ಕ ಸ್ಲಾಟ್ ಅರ್ಜಿಗೆ ಮುನ್ನವೇ ಮುಗಿದಿರಬೇಕು.

ಇನ್ನೊಂದು, ಹರಿವಿನ ಸ್ಲಾಟ್. ಅಂದು, ಆ ಗಂಟೆಗೆ, ಬೇಡಿಕೆ ಸಾಮರ್ಥ್ಯವನ್ನು ಮೀರಿದಾಗ ವಿಮಾನವನ್ನು ಆಕಾಶದಲ್ಲಿ ಸುತ್ತಿಸುವ ಬದಲು ನೆಲದಲ್ಲೇ ತಡೆಯಲು ಕೊಡುವ ಟೇಕಾಫ್ ವೇಳೆ ಇದು. ಯುರೋಪಿನಲ್ಲಿ ವಾಯು ಸಂಚಾರವನ್ನು ಹೊಂದಿಸುವ ಯೂರೋಕಂಟ್ರೋಲ್ ಸಂಸ್ಥೆಯ ಜಾಲ ನಿರ್ವಹಣಾ ಕೇಂದ್ರ ಇದನ್ನು ಲೆಕ್ಕ ಹಾಕಿ ಕೊಡುತ್ತದೆ; ಕೊಟ್ಟ ವೇಳೆಗಿಂತ 5 ನಿಮಿಷ ಮೊದಲಿನಿಂದ 10 ನಿಮಿಷ ನಂತರದವರೆಗೆ ನೆಲ ಬಿಡಬಹುದು. ಅಮೆರಿಕದಲ್ಲಿ ಆ ಕೆಲಸ ವರ್ಜೀನಿಯಾದ ವಾರೆಂಟನ್‌ನಲ್ಲಿರುವ ಕೇಂದ್ರದಿಂದ ನಡೆಯುತ್ತದೆ. ಅಲ್ಲಿಯ ಅವಕಾಶ ಎರಡೂ ಕಡೆಗೆ ಐದೈದು ನಿಮಿಷ. ನಿಲ್ದಾಣದ ಸ್ಲಾಟ್ ಕೈಯಲ್ಲಿದ್ದ ಮಾತ್ರಕ್ಕೆ ಹರಿವಿನ ಸ್ಲಾಟ್‌ನಿಂದ ವಿನಾಯಿತಿ ಸಿಗುವುದಿಲ್ಲ.

ಬ್ಲಾಕ್ ಟೈಮ್: ಸರಾಸರಿಯನ್ನು ನಂಬಬೇಡಿ

ವಿಮಾನ ಬೇಯಿಂದ ಕದಲಿದ ಕ್ಷಣದಿಂದ ಮುಂದಿನ ನಿಲ್ದಾಣದ ಬೇಯಲ್ಲಿ ನಿಲ್ಲುವವರೆಗಿನ ಅವಧಿಯೇ ಬ್ಲಾಕ್ ಟೈಮ್. ಹೊರಡುವಾಗಿನ ಟ್ಯಾಕ್ಸಿ (ಬೇ ಮತ್ತು ರನ್‌ವೇ ನಡುವೆ ನೆಲದ ಮೇಲೆ ಸಾಗುವುದು), ಹಾರಾಟ, ಇಳಿಯುವ ಮುನ್ನ ಸುತ್ತುವುದು, ಇಳಿದ ಮೇಲಿನ ಟ್ಯಾಕ್ಸಿ ಎಲ್ಲವೂ ಇದರಲ್ಲಿ ಸೇರುತ್ತವೆ. ವೇಳಾಪಟ್ಟಿಯ ಗುಣಮಟ್ಟ ನಿರ್ಧಾರವಾಗುವುದು ಬಹುಮಟ್ಟಿಗೆ ಇಲ್ಲಿಯೇ. ಆದರೂ ಅನೇಕ ಕಡೆ ಕಳೆದ ವರ್ಷದ ಸರಾಸರಿಯನ್ನು ತೆಗೆದುಕೊಂಡು ಮುಂದಕ್ಕೆ ಹೋಗುವುದೇ ರೂಢಿಯಾಗಿದೆ. ನೂರು ದಿನಗಳ ಹಾರಾಟಗಳನ್ನು ಅವಧಿಯ ಪ್ರಕಾರ ಸಾಲಾಗಿ ಜೋಡಿಸಿ ನಡುವಿನದನ್ನು ಆರಿಸಿಕೊಂಡರೆ, ಸರಿಯಾದ ವೇಳೆಗೆ ಹೊರಟರೂ ಐವತ್ತು ದಿನ ತಡವಾಗಿ ತಲುಪುತ್ತೀರಿ ಎಂದೇ ಅರ್ಥ.

ಹಾಗಾಗಿ ಅವಧಿಯನ್ನು ಆರಿಸುವಾಗ ನೂರರಲ್ಲಿ ಎಷ್ಟು ದಿನ ಈ ವೇಳೆಯೊಳಗೆ ತಲುಪಬೇಕು ಎಂಬ ಪ್ರಶ್ನೆಯಿಂದ ಆರಂಭಿಸಿ. ಸಾಮಾನ್ಯ ಹಾರಾಟಕ್ಕೆ 65ರಿಂದ 70 ಒಂದು ಒಳ್ಳೆಯ ಆರಂಭವೆಂಬುದು ನನ್ನ ಅಭಿಪ್ರಾಯ. ಅನೇಕ ಪ್ರಯಾಣಿಕರು ಮುಂದಿನ ವಿಮಾನ ಹಿಡಿಯಬೇಕಾದ ಅಥವಾ ಸಿಬ್ಬಂದಿಯ ಕೆಲಸದ ಅವಧಿ ಅಂಚಿನಲ್ಲಿರುವ ಹಾರಾಟಕ್ಕೆ ಅದನ್ನು ಇನ್ನೂ ಮೇಲಕ್ಕೆ ಒಯ್ಯಬೇಕು. ರಾತ್ರಿಯ ಕೊನೆಯ ಹಾರಾಟದ ನಂತರ ವಿಮಾನ ಬೆಳಗಿನವರೆಗೆ ನಿಲ್ಲುವುದಾದರೆ ಕೆಳಕ್ಕೆ ಇಳಿಸಬಹುದು. ನೂರಕ್ಕೆ 95ರ ಆಸೆ ಬೇಡ. ಅಷ್ಟು ಉದಾರವಾದ ಅವಧಿ ಇಟ್ಟರೆ ವಿಮಾನ ಬಹುಪಾಲು ದಿನ ಬೇಗ ಬಂದು, ಬೇ ಖಾಲಿಯಿಲ್ಲದೆ ಟ್ಯಾಕ್ಸಿವೇಯಲ್ಲಿ ಕಾಯುತ್ತದೆ. ಸಿಬ್ಬಂದಿಯ ಕೆಲಸದ ಗಂಟೆಗಳು ವ್ಯರ್ಥವಾಗುತ್ತವೆ, ದಿನಕ್ಕೆ ಒಂದು ಹಾರಾಟ ಕಡಿಮೆಯಾಗುತ್ತದೆ.

ಇಲ್ಲಿ ಎರಡು ತಾಂತ್ರಿಕ ಎಚ್ಚರಿಕೆಗಳು ಅಗತ್ಯ. ಟ್ಯಾಕ್ಸಿ, ಹಾರಾಟ, ಸುತ್ತುವಿಕೆ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ನೂರಕ್ಕೆ 70ರ ಮಟ್ಟದ ಅವಧಿಯನ್ನು ತೆಗೆದು ಕೂಡಬಾರದು, ಏಕೆಂದರೆ ಎಲ್ಲವೂ ಒಂದೇ ದಿನ ಕೆಡುವುದು ಅಪರೂಪ. ಹಾಗೆ ಕೂಡಿದ ಮೊತ್ತ ಒಟ್ಟು ಅವಧಿಯ 70ರ ಮಟ್ಟಕ್ಕಿಂತ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ಭಾಗಗಳನ್ನು ಕಾರಣ ತಿಳಿಯಲು ನೋಡಿ, ಆದರೆ ಮಟ್ಟವನ್ನು ಒಟ್ಟು ಅವಧಿಯ ಮೇಲೆ ಆರಿಸಿ. ಇನ್ನು, ಲೆಕ್ಕವನ್ನು ಹೊರಡುವ ಗಂಟೆ, ತಿಂಗಳು, ದಿಕ್ಕು, ವಿಮಾನದ ಮಾದರಿ ಇವುಗಳ ಪ್ರಕಾರ ವಿಂಗಡಿಸಬೇಕು. ಪೂರ್ವಕ್ಕೆ ಹೋಗುವಾಗ ಬೆನ್ನಿಗೆ ಬೀಳುವ ಜೆಟ್ ಸ್ಟ್ರೀಮ್ (ಎತ್ತರದ ಆಕಾಶದಲ್ಲಿ ಬೀಸುವ ಬಲವಾದ ಗಾಳಿ) ಪಶ್ಚಿಮಕ್ಕೆ ಬರುವಾಗ ಎದುರಾಗುತ್ತದೆ, ಚಳಿಗಾಲದಲ್ಲಿ ಅದರ ಬಲ ಹೆಚ್ಚು. ಬೆಳಗಿನ ಎಂಟು ಗಂಟೆಯ ಹಾರಾಟಕ್ಕೂ ಮಧ್ಯಾಹ್ನ ಎರಡು ಗಂಟೆಯ ಹಾರಾಟಕ್ಕೂ ಒಂದೇ ಅವಧಿ ಕೊಡುವ ವೇಳಾಪಟ್ಟಿ ಆ ಎರಡರಲ್ಲಿ ಒಂದನ್ನು ಖಂಡಿತ ತಪ್ಪಾಗಿಯೇ ನಡೆಸುತ್ತದೆ.

ಕೆಲವೊಮ್ಮೆ ದಾರಿಯೇ ಬದಲಾಗುತ್ತದೆ. 2022ರ ಫೆಬ್ರುವರಿಯ ನಂತರ ರಷ್ಯಾದ ವಾಯುಪ್ರದೇಶ ಯುರೋಪಿನ ಸಂಸ್ಥೆಗಳಿಗೆ ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 9 ಗಂಟೆಯಿದ್ದ ಹಾರಾಟ ಸುಮಾರು 13 ಗಂಟೆಗೆ ಏರಿತು. ಹೋಗಿಬರುವ ಸುತ್ತು 24 ಗಂಟೆಯೊಳಗೆ ಮುಗಿಯುತ್ತಿದ್ದುದು ಮುಗಿಯದಂತಾದರೆ, ದಿನಕ್ಕೊಂದು ಹಾರಾಟಕ್ಕೆ ಒಂದು ವಿಮಾನ ಸಾಕಾಗುವುದಿಲ್ಲ. ಇಂಥ ಸಂದರ್ಭದಲ್ಲಿ ಹಳೆಯ ವೇಳಾಪಟ್ಟಿಗೆ ತೇಪೆ ಹಾಕುವುದರಿಂದ ಪ್ರಯೋಜನವಿಲ್ಲ; ಆ ಮಾರ್ಗದ ವಿಮಾನಗಳ ಸಂಖ್ಯೆಯನ್ನೇ ಹೊಸದಾಗಿ ಲೆಕ್ಕ ಹಾಕಬೇಕು.

ಬಿಡುವನ್ನು ಎಲ್ಲಿ ಇಡಬೇಕು

ಒಂದು ವಿಮಾನದ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಅದು ಹಬ್‌ನಿಂದ, ಅಂದರೆ ಸಂಸ್ಥೆಯ ಹಾರಾಟಗಳು ಬಂದು ಸೇರುವ ಕೇಂದ್ರ ನಿಲ್ದಾಣದಿಂದ, ಹೊರಟು ಮರಳುತ್ತ ದಿನಕ್ಕೆ ಆರು ಹಾರಾಟ ಮಾಡುತ್ತದೆ, ನಡುವೆ ಐದು ನಿಲುಗಡೆಗಳು. ಪ್ರಯಾಣಿಕರು ಇಳಿದು, ಒಳಗೆ ಸ್ವಚ್ಛಗೊಳಿಸಿ, ಇಂಧನ ತುಂಬಿ, ಸಾಮಾನು ಬದಲಿಸಿ, ಹೊಸ ಪ್ರಯಾಣಿಕರು ಹತ್ತಿ ಬಾಗಿಲು ಮುಚ್ಚಲು ಕನಿಷ್ಠ 35 ನಿಮಿಷ ಬೇಕು. ವೇಳಾಪಟ್ಟಿಯಲ್ಲಿ 45 ಕೊಟ್ಟಿದೆ. ಅಂದರೆ ಪ್ರತಿ ನಿಲುಗಡೆಯಲ್ಲಿ 10 ನಿಮಿಷ, ಒಟ್ಟು 50 ನಿಮಿಷ ಬಿಡುವು.

ಎರಡನೆಯ ಹಾರಾಟ ದಟ್ಟಣೆಯ ಹಬ್‌ಗೆ ಮರಳುವಾಗ 40 ನಿಮಿಷ ತಡವಾಯಿತು. ಪ್ರತಿ ನಿಲುಗಡೆಯೂ 10 ನಿಮಿಷ ನುಂಗುತ್ತದೆ. ಮೂರನೆಯದು 30, ನಾಲ್ಕನೆಯದು 20, ಐದನೆಯದು 10 ನಿಮಿಷ ತಡ. ಆರನೆಯದು ಸರಿಯಾದ ವೇಳೆಗೆ. ಒಂದು 40 ನಿಮಿಷದ ವಿಳಂಬ ನಾಲ್ಕು ಹಾರಾಟಗಳಿಗೆ ಹರಡಿ ಒಟ್ಟು 100 ನಿಮಿಷವಾಯಿತು. ಈಗ ಅದೇ 50 ನಿಮಿಷವನ್ನು ಬೇರೆಯಾಗಿ ಹಂಚಿ: ಎರಡನೆಯ ಹಾರಾಟದ ನಂತರದ ಹಬ್ ನಿಲುಗಡೆಗೆ 30, ಉಳಿದ ನಾಲ್ಕಕ್ಕೆ ಐದೈದು. ಅದೇ ವಿಳಂಬ ಈಗ 40, 10, 5 ಎಂದು ಇಳಿದು ಐದನೆಯ ಹಾರಾಟದ ವೇಳೆಗೆ ಮುಗಿಯುತ್ತದೆ. ಒಟ್ಟು 55 ನಿಮಿಷ. ಒಂದು ನಿಮಿಷವನ್ನೂ ಹೆಚ್ಚಿಸದೆ, ಇದ್ದ ಬಿಡುವನ್ನು ಸರಿಸಿದ್ದಷ್ಟೇ.

ಆದರೆ ಇದನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಅದೇ 40 ನಿಮಿಷ ನಾಲ್ಕನೆಯ ಹಾರಾಟದಲ್ಲಿ ಹುಟ್ಟಿದರೆ, ಸಮನಾಗಿ ಹಂಚಿದ ಪಟ್ಟಿಯಲ್ಲಿ ಒಟ್ಟು 90 ನಿಮಿಷವಾದರೆ, ಒಂದೆಡೆ ಕೂಡಿಟ್ಟ ಪಟ್ಟಿಯಲ್ಲಿ 105 ಆಗುತ್ತದೆ. ವಿಳಂಬ ಹುಟ್ಟುವ ಜಾಗ ಯಾವುದೆಂದು ದಾಖಲೆಯಿಂದ ತಿಳಿದಿದ್ದರೆ ಮಾತ್ರ ಕೂಡಿಡುವುದರಲ್ಲಿ ಅರ್ಥವಿದೆ. ದಟ್ಟಣೆಯ ಹಬ್‌ಗಳಲ್ಲಿ ಬೆಳಗಿನ ಮೊದಲ ಅಲೆ ಮರಳಿ ಬರುವ ಹೊತ್ತೇ ಆ ಜಾಗವಾಗಿರುವುದು ಸಾಮಾನ್ಯ. ನಿಮ್ಮ ಜಾಲದಲ್ಲಿ ಬೇರೆಯಿರಬಹುದು, ನೋಡಿಯೇ ನಿರ್ಧರಿಸಿ.

ಬಿಡುವು ಹಬ್‌ನಲ್ಲಿದ್ದರೆ ಇನ್ನೊಂದು ಲಾಭವಿದೆ. ಒಂದೇ ಮಾದರಿಯ ಎರಡು ಮೂರು ವಿಮಾನಗಳು ಅಲ್ಲಿ ಒಂದೇ ಹೊತ್ತಿಗೆ ನಿಂತಿರುವಂತೆ ವೇಳಾಪಟ್ಟಿ ಮಾಡಿದ್ದರೆ, ತಡವಾದ ವಿಮಾನದ ಮುಂದಿನ ಹಾರಾಟವನ್ನು ಸಮಯವಿರುವ ವಿಮಾನಕ್ಕೆ ಕೊಟ್ಟು ವಿಳಂಬವನ್ನು ಅಲ್ಲಿಯೇ ಕತ್ತರಿಸಬಹುದು. ಹೊರ ನಿಲ್ದಾಣದಲ್ಲಿ ಒಂಟಿಯಾಗಿ ನಿಂತ ವಿಮಾನಕ್ಕೆ ಆ ಅವಕಾಶವಿಲ್ಲ. ಹತ್ತು ವಿಮಾನಗಳಿಗೆ ಚೂರುಚೂರು ಬಿಡುವು ಹಂಚುವುದಕ್ಕಿಂತ ಒಂದು ವಿಮಾನವನ್ನು ದಿನದ ನಿರ್ದಿಷ್ಟ ಗಂಟೆಗಳಲ್ಲಿ ಹಬ್‌ನಲ್ಲಿ ಖಾಲಿ ಇಡುವುದು ಅನೇಕ ಬಾರಿ ಹೆಚ್ಚು ಫಲ ಕೊಡುತ್ತದೆ. ಹಣಕಾಸು ವಿಭಾಗಕ್ಕೆ ಅದು ದುಡಿಯದ ವಿಮಾನವಾಗಿ ಕಾಣುತ್ತದೆ. ಅದು ಕತ್ತರಿಸಿದ ವಿಳಂಬದ ನಿಮಿಷಗಳನ್ನು ತಿಂಗಳು ತಿಂಗಳೂ ಬರೆದು ತೋರಿಸುವ ಹೊಣೆ ಕಾರ್ಯಾಚರಣೆಯವರದು.

ಸಿಬ್ಬಂದಿಯನ್ನು ಸಾಧ್ಯವಾದಷ್ಟೂ ವಿಮಾನದ ಜೊತೆಯಲ್ಲೇ ಇಡಿ. ಪೈಲಟ್‌ಗಳು ಒಂದು ವಿಮಾನದಿಂದ, ಕ್ಯಾಬಿನ್ ಸಿಬ್ಬಂದಿ ಇನ್ನೊಂದರಿಂದ ಬಂದು ಮೂರನೆಯ ವಿಮಾನವನ್ನು ಹತ್ತುವಂತೆ ರೋಸ್ಟರ್ (ಪಾಳಿಪಟ್ಟಿ) ಮಾಡಿದರೆ ಕಾಗದದ ಮೇಲೆ ಗಂಟೆಗಳು ಉಳಿಯುತ್ತವೆ, ಆದರೆ ಒಂದು ವಿಳಂಬ ಮೂರು ಕಡೆಗೆ ಸೀಳಿಕೊಂಡು ಹೋಗುತ್ತದೆ. ಕೆಲಸದ ಅವಧಿಯ ಮಿತಿ ಕಾನೂನಿನದು, ಅದರಲ್ಲಿ ರಾಜಿಯಿಲ್ಲ. ಯುರೋಪಿನ ನಿಯಮದಲ್ಲಿ ಹೆಚ್ಚುವರಿ ಪೈಲಟ್ ಇಲ್ಲದ ಪಾಳಿಗೆ ಮೂಲ ಮಿತಿ ಹೆಚ್ಚೆಂದರೆ 13 ಗಂಟೆ, ಅಮೆರಿಕದಲ್ಲಿ ಆರಂಭದ ವೇಳೆ ಮತ್ತು ಹಾರಾಟಗಳ ಸಂಖ್ಯೆಯನ್ನು ಅನುಸರಿಸಿ 9ರಿಂದ 14 ಗಂಟೆ. ಅನಿರೀಕ್ಷಿತ ಸಂದರ್ಭದಲ್ಲಿ ಕಮಾಂಡರ್ (ವಿಮಾನದ ಮುಖ್ಯ ಪೈಲಟ್) ಒಪ್ಪಿದರೆ 2 ಗಂಟೆಯವರೆಗೆ ವಿಸ್ತರಿಸಬಹುದು. ಆ ಎರಡು ಗಂಟೆಯನ್ನು ಎಣಿಸಿಕೊಂಡು ರೋಸ್ಟರ್ ಹಾಕುವುದು ತಪ್ಪು. ಅದು ದಣಿದ ಮನುಷ್ಯನ ವಿವೇಚನೆಗೆ ಬಿಟ್ಟದ್ದು, ಸಂಸ್ಥೆಯ ದಾಸ್ತಾನು ಅಲ್ಲ.

ಹಿಂದಿನ ಸಂಜೆ

ನಾಳಿನ ದಿನವನ್ನು ಇಂದು ಸಂಜೆಯೇ ಓದಿ ಮುಗಿಸಬೇಕು. ಹಬ್‌ನ ಮತ್ತು ಮುಖ್ಯ ನಿಲ್ದಾಣಗಳ ಹವಾಮಾನ ಮುನ್ಸೂಚನೆ, ಮುಚ್ಚಿದ ರನ್‌ವೇ ಹಾಗೂ ವಾಯುಪ್ರದೇಶಗಳ ಸೂಚನೆಗಳು, ಹರಿವಿನ ನಿಯಂತ್ರಣ ಕೇಂದ್ರ ಪ್ರಕಟಿಸಿದ ಯೋಜನೆ, ನಿರ್ವಹಣೆಯಲ್ಲಿರುವ ವಿಮಾನಗಳು ಬಿಡುಗಡೆಯಾಗುವ ವೇಳೆ, ಸ್ಟ್ಯಾಂಡ್‌ಬೈ ಸಿಬ್ಬಂದಿಯ ಸಂಖ್ಯೆ, ಪ್ರತಿ ಹಾರಾಟದಲ್ಲಿ ಉಳಿದಿರುವ ಸೀಟುಗಳು ಇವಿಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಆ ಪುಟದ ಕೆಳಗೆ ಒಂದು ಪ್ರಶ್ನೆಗೆ ಉತ್ತರವೂ ಇರಬೇಕು: ನಾಳೆ ಇಳಿಯುವ ಸಾಮರ್ಥ್ಯ ಮೂರನೆಯ ಒಂದು ಭಾಗ ಕುಸಿದರೆ ಮೊದಲು ರದ್ದು ಮಾಡುವ ಹಾರಾಟಗಳು ಯಾವುವು? ನಸುಕಿನ ನಾಲ್ಕು ಗಂಟೆಗೆ ಒತ್ತಡದಲ್ಲಿ ಆರಿಸುವ ಹೆಸರುಗಳಿಗಿಂತ ಸಂಜೆ ಸಮಾಧಾನದಿಂದ ಆರಿಸಿದ ಹೆಸರುಗಳು ಪ್ರಯಾಣಿಕರಿಗೂ ಸಂಸ್ಥೆಗೂ ಹೆಚ್ಚು ನ್ಯಾಯ ಒದಗಿಸುತ್ತವೆ.

ಹರಿವಿನ ಸ್ಲಾಟ್ ಬಂದಾಗ

ಒಂದು ಹಾರಾಟಕ್ಕೆ 45 ನಿಮಿಷ ತಡೆ ಬಂದಿದೆಯೆಂದರೆ ಸಂಸ್ಥೆಯ ನಿಯಂತ್ರಣ ಕೇಂದ್ರದವರ ಮುಂದೆ ಕೆಲವು ದಾರಿಗಳಿರುತ್ತವೆ. ಇಕ್ಕಟ್ಟಿನ ವಲಯವನ್ನು ಬಳಸಿ ಹೋಗುವ ಬೇರೆ ಮಾರ್ಗ ಆರಿಸಬಹುದು, ಇಕ್ಕಟ್ಟು ಮೇಲಿನ ಎತ್ತರದಲ್ಲಿದ್ದರೆ ಅದರ ಕೆಳಗೆ ಹಾರಬಹುದು, ಅದೇ ತಡೆಗೆ ಒಳಪಟ್ಟ ತಮ್ಮದೇ ಸಂಸ್ಥೆಯ ಇನ್ನೊಂದು ಹಾರಾಟದೊಡನೆ ಸ್ಲಾಟ್ ಅದಲುಬದಲು ಮಾಡಿಕೊಳ್ಳಬಹುದು, ಅಥವಾ ಪ್ರಯಾಣಿಕರನ್ನು ಹತ್ತಿಸಿ ಸಿದ್ಧವಿರುವುದಾಗಿ ಸಂದೇಶ ಕಳುಹಿಸಿ, ಬೇರೆಯವರು ಬಿಟ್ಟ ವೇಳೆಗೆ ಕಾಯಬಹುದು. ಯಾವುದು ಸರಿಯೆಂದು ತೀರ್ಮಾನಿಸಲು ಆ ವಿಮಾನದ ಉಳಿದ ದಿನವನ್ನು ನೋಡಬೇಕು. ಮುಂದಿನ ನಿಲುಗಡೆಯಲ್ಲಿ ಒಂದು ಗಂಟೆ ಬಿಡುವಿದ್ದರೆ 45 ನಿಮಿಷ ನಿಲ್ಲುವುದೇ ಅಗ್ಗ. ಬಳಸುದಾರಿಯಲ್ಲಿ ಇಂಧನ ಸುಡುವ ಅಗತ್ಯವಿಲ್ಲ. ಸಿಬ್ಬಂದಿಯ ಮಿತಿ ಅಂಚಿನಲ್ಲಿದ್ದರೆ ಹನ್ನೆರಡು ನಿಮಿಷದ ಬಳಸುದಾರಿ ಅಗ್ಗವಾಗುತ್ತದೆ. ಅದಲುಬದಲಿನಲ್ಲೂ ಹಾಗೆಯೇ. ಅರವತ್ತು ಮಂದಿ ಮುಂದಿನ ವಿಮಾನ ಹಿಡಿಯಬೇಕಾದ ಹಾರಾಟಕ್ಕೆ ಮುಂಚಿನ ವೇಳೆ ಕೊಟ್ಟು, ರಾತ್ರಿ ಅಲ್ಲಿಯೇ ಉಳಿಯುವ ಹಾರಾಟವನ್ನು ಹಿಂದಕ್ಕೆ ಹಾಕಬೇಕು.

ಈ ಎಲ್ಲ ಉಪಾಯಗಳೂ ನಿಂತಿರುವುದು ಒಂದು ಪ್ರಾಮಾಣಿಕ ಸಂಖ್ಯೆಯ ಮೇಲೆ: ವಿಮಾನ ಬಾಗಿಲು ಮುಚ್ಚಿ ಸಿದ್ಧವಾಗುವ ವೇಳೆ. ಯುರೋಪಿನ ನಿಯಮದಂತೆ ಹೊರಡುವ ಅಂದಾಜು 15 ನಿಮಿಷಕ್ಕಿಂತ ಹೆಚ್ಚು ಬದಲಾದರೆ ಆ ಹಾರಾಟದ ಯೋಜನೆಯನ್ನು ತಿದ್ದಲೇಬೇಕು. ಆದರೆ ಸ್ಲಾಟ್ ಕಳೆದುಕೊಳ್ಳುವ ಭಯದಿಂದ ಹುಸಿ ವೇಳೆಯನ್ನು ಹಿಡಿದುಕೊಂಡು ಕೂರುವ ಅಭ್ಯಾಸ ಕೆಲವರಲ್ಲಿದೆ. ಆ ವೇಳೆಗೆ ವಿಮಾನ ಸಿದ್ಧವಿಲ್ಲದಿದ್ದರೆ ಇಳಿಯುವ ಜಾಗವೊಂದು ಯಾರಿಗೂ ಸಿಗದೆ ಹಾಳಾಗುತ್ತದೆ, ದಟ್ಟಣೆಯ ಆಕಾಶದಲ್ಲಿ ಅದಕ್ಕಿಂತ ದೊಡ್ಡ ದುಂದು ಇಲ್ಲ. ನೆಲದ ಸಿಬ್ಬಂದಿ ನಿಜವಾದ ವೇಳೆಯನ್ನು ಹೇಳಿದ್ದಕ್ಕೆ ಬೈಸಿಕೊಳ್ಳದ ವಾತಾವರಣವನ್ನು ಮೇಲಿನವರು ಕಾಪಾಡಬೇಕು.

ಹಾರಾಟದ ಮಾರ್ಗ, ಇಂಧನಗಳ ಲೆಕ್ಕ ಹಾಕುವ ಡಿಸ್ಪ್ಯಾಚರ್‌ಗಳು ಇಂಥ ದಿನ ಇಂಧನವನ್ನು ಕೈಬಿಗಿಹಿಡಿದು ಹಾಕಬಾರದು. ಜೆಟ್ ವಿಮಾನಕ್ಕೆ ಕೊನೆಯ ಮೀಸಲು 30 ನಿಮಿಷದ್ದು, ಅದನ್ನು ಮುಟ್ಟುವಂತಿಲ್ಲ. ಅದರ ಮೇಲೆ ಸುತ್ತುವುದಕ್ಕೆಂದು ಇನ್ನೊಂದು 15–20 ನಿಮಿಷದ ಇಂಧನ ಹಾಕಿದರೆ ಅನೇಕ ವಿಮಾನಗಳು ಬೇರೆಡೆಗೆ ತಿರುಗುವುದು ತಪ್ಪುತ್ತದೆ. ಎಲ್ಲರೂ ಒಂದೇ ಪರ್ಯಾಯ ನಿಲ್ದಾಣವನ್ನು ಬರೆದುಕೊಂಡಿದ್ದರೆ ಅಲ್ಲಿಯ ಬೇಗಳು ಬೇಗನೆ ತುಂಬಿಹೋಗುತ್ತವೆ. ನಿಮ್ಮ ಹಾರಾಟಗಳನ್ನು ಎರಡು ಮೂರು ಪರ್ಯಾಯ ನಿಲ್ದಾಣಗಳಿಗೆ ಮೊದಲೇ ಹಂಚಿಡಿ.

ಸಾಮರ್ಥ್ಯ ಕುಸಿದ ಬೆಳಗು: ರದ್ದತಿಯ ಲೆಕ್ಕ

ಹಬ್‌ನಲ್ಲಿ ಗಂಟೆಗೆ 40 ವಿಮಾನಗಳು ಇಳಿಯುತ್ತವೆ, ಅದರಲ್ಲಿ ಅರ್ಧ ನಿಮ್ಮ ಪಾಲು. ಮಂಜಿನಿಂದ ಬೆಳಗಿನ 6ರಿಂದ 9ರವರೆಗೆ ಅದು 24ಕ್ಕೆ ಇಳಿಯಿತು. ಆ ಮೂರು ಗಂಟೆಗಳಲ್ಲಿ ನಿಮ್ಮ 60 ವಿಮಾನಗಳು ಬರಬೇಕಿತ್ತು, ಈಗ 36ಕ್ಕೆ ಮಾತ್ರ ಜಾಗ. ಉಳಿದ 24 ಹಿಂದೆ ಬೀಳುತ್ತವೆ. ಒಂಬತ್ತರ ನಂತರ ನಿಮ್ಮ ಪಾಲು ಮತ್ತೆ 20 ಆಗುತ್ತದೆ, ಆಗ ಗಂಟೆಗೆ ನಿಗದಿಯಾದವು 14. ಅಂದರೆ ಬಾಕಿಯಿಂದ ಗಂಟೆಗೆ 6 ವಿಮಾನಗಳಷ್ಟೇ ತೀರುತ್ತವೆ. ಎಲ್ಲವೂ ಸರಿಹೋಗುವಾಗ ಮಧ್ಯಾಹ್ನ ಒಂದು ಗಂಟೆ. ಬಾಕಿ ಏರಿ ಇಳಿಯುವ ಈ ಏಳು ಗಂಟೆಗಳ ಒಟ್ಟು ಕಾಯುವಿಕೆಯನ್ನು ಕೂಡಿದರೆ 84 ವಿಮಾನ-ಗಂಟೆಗಳು.

ಈಗ ಆ ಮೂರು ಗಂಟೆಗಳಲ್ಲಿ ಸಮನಾಗಿ ಹರಡಿದಂತೆ 12 ಹಾರಾಟಗಳನ್ನು ಮೊದಲೇ ರದ್ದು ಮಾಡಿದರೆ ಬಾಕಿ 12ಕ್ಕೆ ನಿಲ್ಲುತ್ತದೆ, ಹನ್ನೊಂದು ಗಂಟೆಗೆ ತೀರುತ್ತದೆ, ಒಟ್ಟು ಕಾಯುವಿಕೆ 30 ವಿಮಾನ-ಗಂಟೆಗಳಿಗೆ ಇಳಿಯುತ್ತದೆ. ಅಂದರೆ ಮೂರನೆಯ ಎರಡು ಭಾಗಕ್ಕೆ ಹತ್ತಿರ ಹತ್ತಿರ ಕಡಿತ. ಮಧ್ಯಾಹ್ನದ ಹಾರಾಟಗಳಿಗೆ ವಿಳಂಬ ದಾಟುವುದಿಲ್ಲ, ಸಿಬ್ಬಂದಿ ಮಿತಿಯೊಳಗೆ ಉಳಿಯುತ್ತಾರೆ. ಹತ್ತು ಗಂಟೆಗೆ, ಇನ್ನು ಸಾಧ್ಯವಿಲ್ಲವೆಂದು ತಿಳಿದ ಮೇಲೆ ಅದೇ 12 ಹಾರಾಟಗಳನ್ನು ರದ್ದು ಮಾಡಿದರೆ ಈ ಲಾಭದ ಬಹುಪಾಲು ಸಿಗುವುದಿಲ್ಲ, ಪ್ರಯಾಣಿಕರೂ ಅಷ್ಟು ಹೊತ್ತು ನಿಲ್ದಾಣದಲ್ಲಿ ಕುಳಿತಿರುತ್ತಾರೆ. ರದ್ದು ಮಾಡಲೇಬೇಕಾದುದನ್ನು ಬೇಗ ರದ್ದು ಮಾಡುವುದು ಪ್ರಯಾಣಿಕರ ಬಗೆಗಿನ ಕಾಳಜಿಯೇ ಹೊರತು ಕಾಠಿಣ್ಯವಲ್ಲ.

ಆರಿಸುವಾಗ ಹೋಗುವ ಮತ್ತು ಮರಳುವ ಹಾರಾಟಗಳನ್ನು ಜೋಡಿಯಾಗಿ ರದ್ದು ಮಾಡಿ. ಒಂದನ್ನೇ ತೆಗೆದರೆ ವಿಮಾನವೂ ಸಿಬ್ಬಂದಿಯೂ ತಪ್ಪು ಊರಿನಲ್ಲಿ ಉಳಿಯುತ್ತಾರೆ. ಅದೇ ದಿನ ಅದೇ ಊರಿಗೆ ಇನ್ನೂ ಹಲವು ಹಾರಾಟಗಳಿದ್ದು ಅವುಗಳಲ್ಲಿ ಸೀಟುಗಳಿರುವಂಥದ್ದನ್ನು ಮೊದಲು ತೆಗೆದುಕೊಳ್ಳಿ. ದಿನಕ್ಕೊಂದೇ ಹಾರಾಟವಿರುವ ಊರನ್ನು, ಒಬ್ಬಂಟಿ ಮಕ್ಕಳು ಅಥವಾ ವೈದ್ಯಕೀಯ ಅಗತ್ಯದವರು ಇರುವ ಹಾರಾಟವನ್ನು, ರಾತ್ರಿ ನಿರ್ವಹಣೆಗೆ ಹಬ್ ತಲುಪಲೇಬೇಕಾದ ವಿಮಾನದ ಸುತ್ತನ್ನು ಕೊನೆಯವರೆಗೂ ಉಳಿಸಿ.

ಯಾವ ತೀರ್ಮಾನವನ್ನೇ ಮಾಡಿದರೂ ಸಿಬ್ಬಂದಿ ಎಲ್ಲಿದ್ದಾರೆಂಬ ಮಾಹಿತಿ ಕೈತಪ್ಪಬಾರದು. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆ 2022ರ ಡಿಸೆಂಬರ್ ಕೊನೆಯ ಹಿಮಬಿರುಗಾಳಿಯಲ್ಲಿ 16 ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದು ಮಾಡಬೇಕಾಯಿತು. ಬಿರುಗಾಳಿ ಎಲ್ಲ ಸಂಸ್ಥೆಗಳಿಗೂ ಬಂದಿತ್ತು, ಉಳಿದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಅಲ್ಲಿ ಮಾತ್ರ ಬದಲಾವಣೆಗಳ ವೇಗಕ್ಕೆ ಸಿಬ್ಬಂದಿ ನಿಯೋಜನೆಯ ವ್ಯವಸ್ಥೆ ಸಾಲದೆ, ಪೈಲಟ್‌ಗಳೂ ಕ್ಯಾಬಿನ್ ಸಿಬ್ಬಂದಿಯೂ ದೂರವಾಣಿಯಲ್ಲಿ ಗಂಟೆಗಟ್ಟಲೆ ಕಾದು ತಾವಿರುವ ಊರನ್ನು ತಿಳಿಸಬೇಕಾಯಿತು. ಇದರಿಂದ ಅನುಸರಿಸಬೇಕಾದ ಕ್ರಮ ಸ್ಪಷ್ಟ. ಬದಲಾವಣೆಗಳ ಸಂಖ್ಯೆ ನಿಮ್ಮ ವ್ಯವಸ್ಥೆ ನಿಭಾಯಿಸುವ ಮಿತಿಯನ್ನು ಮೀರುತ್ತಿದೆಯೆಂದು ಕಂಡ ಕೂಡಲೇ ಹೊಸ ಬದಲಾವಣೆಗಳನ್ನು ನಿಲ್ಲಿಸಿ, ಹಾರಾಟಗಳನ್ನು ಕಡಿಮೆ ಮಾಡಿ, ಯಾರು ಎಲ್ಲಿದ್ದಾರೆಂದು ಮೊದಲು ಖಚಿತಪಡಿಸಿಕೊಂಡು, ನಂತರವೇ ಮುಂದಿನ ಹೆಜ್ಜೆ ಇಡಬೇಕು.

ದಾಖಲೆಯನ್ನು ವೇಳಾಪಟ್ಟಿಗೆ ಮರಳಿಸುವುದು

ಪ್ರತಿ ವಿಳಂಬಕ್ಕೂ ಜಗತ್ತಿನಾದ್ಯಂತ ಬಳಸುವ ಎರಡಂಕಿಯ ಸಂಕೇತವಿದೆ. ವಿಮಾನ ಹಿಂದಿನ ಹಾರಾಟದಿಂದ ತಡವಾಗಿ ಬಂದರೆ 93, ವಾಯುಮಾರ್ಗದ ಹರಿವಿನ ತಡೆಯಾದರೆ 81, ಹೀಗೆ. ದಿನದ ಕೊನೆಯಲ್ಲಿ 93 ಎಂದು ಬರೆದು ಮುಗಿಸಿದ ವಿಳಂಬಗಳೇ ಹೆಚ್ಚಾಗಿರುತ್ತವೆ. ಆ ಸಂಖ್ಯೆಯಿಂದ ವೇಳಾಪಟ್ಟಿ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಪ್ರತಿ 93ರ ಎದುರಿಗೂ ಅದು ಹುಟ್ಟಿದ ಮೊದಲ ಹಾರಾಟ, ಮೊದಲ ಕಾರಣ, ಮತ್ತು ನಡುವಿನ ಯಾವ ನಿಲುಗಡೆಯಲ್ಲಿ ಎಷ್ಟು ನಿಮಿಷ ಮರಳಿ ಪಡೆದೆವು ಎಂಬುದನ್ನು ಬರೆಯಿರಿ. 15 ನಿಮಿಷದೊಳಗಿನ ವಿಳಂಬವನ್ನು ಸಮಯಪಾಲನೆಯೆಂದೇ ಎಣಿಸುವ ರೂಢಿಯಿರುವುದರಿಂದ ಹದಿನಾಲ್ಕು ನಿಮಿಷದ ವಿಳಂಬಗಳು ವರದಿಯಲ್ಲಿ ಕಾಣೆಯಾಗುತ್ತವೆ. ಈ ದಾಖಲೆಯಲ್ಲಿ ಅವೂ ಇರಲಿ.

ಸ್ಲಾಟ್ ಹಂಚಿಕೆಯ ಅಂತರರಾಷ್ಟ್ರೀಯ ಸಮ್ಮೇಳನ ಚಳಿಗಾಲದ ಋತುವಿಗಾಗಿ ಜೂನ್‌ನಲ್ಲಿ, ಬೇಸಿಗೆಯ ಋತುವಿಗಾಗಿ ನವೆಂಬರ್‌ನಲ್ಲಿ ನಡೆಯುತ್ತದೆ. ಅರ್ಜಿಗಳು ಅದಕ್ಕೂ ಕೆಲವು ವಾರ ಮೊದಲೇ ಹೋಗಿರಬೇಕು. ಆದ್ದರಿಂದ ನಿಯಂತ್ರಣ ಕೇಂದ್ರದವರು ಈ ದಾಖಲೆಯಿಂದ ಅತಿ ಹೆಚ್ಚು ವಿಳಂಬ ಹುಟ್ಟಿಸಿದ ಇಪ್ಪತ್ತು ಹಾರಾಟಗಳನ್ನು ಆರಿಸಿ, ಪ್ರತಿಯೊಂದಕ್ಕೂ ಬೇಕಾದ ಬ್ಲಾಕ್ ಟೈಮ್ ಮತ್ತು ನಿಲುಗಡೆಯ ಅವಧಿಯನ್ನು ನಿಮಿಷಗಳಲ್ಲಿ ಬರೆದು, ಏಪ್ರಿಲ್ ಮೊದಲ ವಾರದಲ್ಲಿ ಒಮ್ಮೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಒಮ್ಮೆ ವೇಳಾಪಟ್ಟಿ ವಿಭಾಗದ ಎದುರು ಕುಳಿತು ಚರ್ಚಿಸಬೇಕು. ಒಪ್ಪಿದ ಬದಲಾವಣೆಗಳು ಆ ಋತುವಿನ ಸ್ಲಾಟ್ ಅರ್ಜಿಯಲ್ಲಿ ಸೇರಿವೆಯೇ ಎಂದು ಅರ್ಜಿ ಹೋಗುವ ಮುನ್ನ ಇಬ್ಬರೂ ಒಟ್ಟಿಗೆ ಪರಿಶೀಲಿಸಬೇಕು.